ಹಿಂದಿನ ಪಾಟಾ ಸದ್ದು: ಗಾಲಿ ನೆಲದ ಮೇಲಿರುವಾಗಲೇ ಹುಡುಕಿ

ಹಳೆಯ ಜಿಪ್ಸಿ ಇರಲಿ, ಎಂಎಂ 540 ಜೀಪಿರಲಿ, ಫೋರ್ ಬೈ ಫೋರ್ ಬೊಲೆರೊ ಇರಲಿ, ಹಿಂದೆ ‘ಟಕ್’ ಅಂತು ಅಂದರೆ ಗ್ಯಾರೇಜಿನಲ್ಲಿ ಬರುವ ಮೊದಲ ಮಾತು ಒಂದೇ: ‘ಶಾಕಪ್ ಹೋಗ್ಯಾವ್ರೀ, ಜೋಡಿ ಹೊಸಾವ ಹಾಕೂಣು.’ ಹೊಸ ಜೋಡಿ ಬೀಳುತ್ತದೆ, ದುಡ್ಡು ಕೈಬಿಡುತ್ತದೆ, ಗಾಡಿ ನವಲಗುಂದ ಮುಟ್ಟುವಷ್ಟರಲ್ಲಿ ಅದೇ ಸದ್ದು ಮತ್ತೆ ಶುರು. ಶಾಕಪ್, ಅಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್, ಸದ್ದು ಮಾಡುವುದಿಲ್ಲ ಅಂತಲ್ಲ. ಆದರೆ ಪಾಟಾ (ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಹಿಂಭಾಗದಲ್ಲಿ ಸದ್ದು ಮಾಡುವ ಜಾಗ ಹತ್ತಾರು ಇವೆ, ಅವುಗಳಲ್ಲಿ ಶಾಕಪ್ ಒಂದು, ಅಷ್ಟೆ.

ತಪ್ಪು ಆಗುವುದು ಎಲ್ಲಿ ಅಂದರೆ, ಚಾಸಿಗೆ ಜಾಕ್ ಕೊಟ್ಟು ಗಾಡಿ ಎತ್ತುತ್ತಾರೆ. ಗಾಲಿ, ಹೌಸಿಂಗ್ (ಎರಡು ಗಾಲಿಗಳ ನಡುವಿನ ಆಕ್ಸಲ್ ಕವಚ) ಎಲ್ಲ ಕೆಳಗೆ ಜೋತು ಬೀಳುತ್ತವೆ. ಭಾರ ಹೊತ್ತು ಕೆಳಮುಖವಾಗಿ ಕೂತಿದ್ದ ಬುಷ್ (ಪಾಟಾ ತುದಿಯ ತೂತಿನಲ್ಲಿ ಬೋಲ್ಟ್ ಸುತ್ತ ಕೂರುವ ರಬ್ಬರ್ ಅಥವಾ ಲೋಹದ ಕೊಳವೆ) ಆಗ ಉಲ್ಟಾ ದಿಕ್ಕಿಗೆ ಎಳೆದುಕೊಂಡು ಬಿಗಿಯಾಗುತ್ತದೆ. ಟಾಮಿ (ಮೀಟುವ ಕಬ್ಬಿಣದ ಸಲಾಕೆ) ಹಾಕಿ ಅಲುಗಾಡಿಸಿದರೂ ಏನೂ ಅಲುಗುವುದಿಲ್ಲ. ‘ಬುಷ್ ಛಲೋ ಅದಾವ’ ಅಂತ ತೀರ್ಪು ಬರುತ್ತದೆ. ಹಾಗಾಗಿ ಮೊದಲ ನಿಯಮ: ಸದ್ದು ಹುಡುಕುವಾಗ ಗಾಡಿಯ ಭಾರ ಪಾಟಾ ಮೇಲೆಯೇ ಇರಬೇಕು.

1. ಸುಳ್ಳು ಸದ್ದು ತೆಗೆಯಿರಿ

ಸೀಟಿನ ಕೆಳಗಿನ ಜಾಕ್, ಪಾನಾ ಚೀಲ, ಹಿಂಬಾಗಿಲಿನ ಸರಪಳಿ, ಸ್ಟೆಪ್ನಿ ಬಿಗಿಯುವ ನಟ್, ಸೈಲೆನ್ಸರ್ ತೂಗುವ ರಬ್ಬರ್, ಹ್ಯಾಂಡ್ ಬ್ರೇಕ್ ಕೇಬಲ್ ಎಲ್ಲ ನೋಡಿ. ಗಾಲಿ ನಟ್ ಬಿಗಿ ಮಾಡಿ. ಅರ್ಧ ದೂರು ಇಲ್ಲೇ ಮುಗಿಯುತ್ತದೆ.

2. ಸದ್ದಿನ ಜಾತಿ ಗುರುತಿಸಿ

ಓಡಿಸುವವರು ಒಬ್ಬರು, ಹಿಂದೆ ಕೂತು ಕೇಳುವವರು ಒಬ್ಬರು ಬೇಕು. ನಿಧಾನ ಹೋಗುವಾಗ ‘ಕಿರ್ ಕಿರ್’ ಅಂದರೆ ಪಾಟಾಗಳು ಒಂದಕ್ಕೊಂದು ಒಣಗಿ ಉಜ್ಜುತ್ತಿವೆ, ಇಲ್ಲವೇ ರಬ್ಬರ್ ಬುಷ್ ಒಣಗಿದೆ. ಸಣ್ಣ ಕಲ್ಲಿನ ರಸ್ತೆಯಲ್ಲಿ ‘ಕಟಕಟ’ ಅಂದರೆ ಶಾಕಪ್ ಬುಷ್ ಅಥವಾ ಶ್ಯಾಕಲ್ (ಪಾಟಾದ ಹಿಂತುದಿಯನ್ನು ಚಾಸಿಗೆ ಸೇರಿಸುವ, ಅಲುಗುವ ಕೊಂಡಿ). ಗುಂಡಿಯಲ್ಲಿ ಒಂದೇ ಸಲ ‘ಧಡ್’ ಅಂದರೆ ಪಾಟಾ ಕುಸಿದು ಹೌಸಿಂಗ್ ಬಂಪ್ ರಬ್ಬರಿಗೆ ಬಡಿಯುತ್ತಿದೆ, ಅಥವಾ ಆ ರಬ್ಬರೇ ಉದುರಿಹೋಗಿದೆ. ರಸ್ತೆ ಹೇಗಿದ್ದರೂ ವೇಗದ ಜೊತೆ ಏರುವ ‘ಗುಂಯ್’ ಪಾಟಾದ್ದಲ್ಲ. ಹಬ್ ಬೇರಿಂಗ್, ಡಿಫರೆನ್ಷಿಯಲ್ (ಎಡ, ಬಲ ಗಾಲಿಗೆ ಶಕ್ತಿ ಹಂಚುವ ಗೇರ್) ಕಡೆ ಹೋಗಿ.

ಗೇರ್ ಹಾಕಿ ಕ್ಲಚ್ ಬಿಟ್ಟಾಗ, ರಿವರ್ಸ್ ತೆಗೆದಾಗ ಬರುವ ಒಂಟಿ ‘ಟಕ್’ಗೆ ಹಲವು ಅರ್ಥ. ಅದು ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ಇರಬಹುದು, ಶಾಫ್ಟಿನ ಜಾರುವ ತುದಿ ಗ್ರೀಸ್ ಕಾಣದೆ ಒಣಗಿರಬಹುದು, ಪಾಟಾವನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಸಡಿಲಾಗಿರಬಹುದು. ಮುಂದೆ ಹೋಗಿ ಹಿಂದೆ ಬಂದ ಮೇಲೆ ಮೊದಲ ಬ್ರೇಕಿಗೆ ಮಾತ್ರ ಒಂದು ಸಲ ಬಂದರೆ ಡ್ರಮ್ ಒಳಗಿನ ಶೂ ನೋಡಿ. ಕ್ರಾಸಿನ ಟೋಪಿಯ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಸತ್ತಿದೆ. ಗ್ರೀಸ್ ಹೊಡೆದರೆ ನಾಲ್ಕು ದಿನ ಸುಮ್ಮನಿರುತ್ತದೆ, ಅಷ್ಟೆ.

ಇನ್ನೊಂದು ಮಾತು. ಈ ಹಳೆಯ ಗಾಡಿಗಳಲ್ಲಿ ಫೋರ್ ಬೈ ಫೋರ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಕಪ್ಪತಗುಡ್ಡದ ಸಡಿಲ ಮಣ್ಣಿನಲ್ಲಿ ಟೈರ್ ಜಾರಿ ಸರಿಹೋಗುತ್ತದೆ. ಗುಡ್ಡ ಇಳಿದು ಡೋಣಿ ಊರಿನಿಂದ ಡಾಂಬರಿಗೆ ಬಂದ ಮೇಲೂ ಲಿವರ್ ತೆಗೆಯದಿದ್ದರೆ ಶಾಫ್ಟ್‌ಗಳು ಹುರಿಗೊಂಡು, ತಿರುವಿನಲ್ಲಿ ಭಾರೀ ಸದ್ದಿನೊಂದಿಗೆ ಬಿಟ್ಟುಕೊಳ್ಳುತ್ತವೆ. ಅದನ್ನು ಪಾಟಾ ಸದ್ದು ಅಂತ ತಿಳಿದು ಗಾಡಿ ಬಿಚ್ಚಿಸಬೇಡಿ.

3. ತೊಳೆದು, ಓಡಿಸಿ, ಆಮೇಲೆ ನೋಡಿ

ಗದಗ, ರೋಣ, ನವಲಗುಂದದ ಎರೆಮಣ್ಣು ಮಳೆಗಾಲದಲ್ಲಿ ಪಾಟಾ ಸಂದಿಗೆ ಮೆತ್ತಿ, ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದರ ಮೇಲಿಂದ ನೋಡಿದರೆ ಏನೂ ಕಾಣದು. ನೀರಿನ ಪಂಪಿನಿಂದ ಚೆನ್ನಾಗಿ ತೊಳೆಸಿ, ಒಣಗಿಸಿ. ಬಿಳಿ ಪೇಂಟಿನಿಂದ ನಾಲ್ಕು ಯು ಬೋಲ್ಟ್ ನಟ್‌ಗಳ ಮೇಲೆ ತಳದ ಪ್ಲೇಟಿಗೂ ಸೇರುವಂತೆ ಗೆರೆ ಎಳೆಯಿರಿ. ಪಾಟಾಗಳ ಪಕ್ಕದಲ್ಲೂ ಮೇಲಿನಿಂದ ಕೆಳಕ್ಕೆ ಒಂದು ನೇರ ಗೆರೆ ಇರಲಿ. ಆಮೇಲೆ 50 ಕಿ.ಮೀ. ಓಡಿಸಿ.

ಮರಳಿ ಬಂದಾಗ ಕೆಳಗೆ ಹೊಕ್ಕು ನೋಡಿ. ಹೊಸ ಕೆಂಪು ಪುಡಿ ಇದ್ದಲ್ಲಿ ಎರಡು ಲೋಹ ಅಲುಗಾಡುತ್ತಿವೆ. ಬೆಳ್ಳಿಯಂತೆ ಹೊಳೆಯುವ ಕಲೆ ಇದ್ದಲ್ಲಿ ಉಜ್ಜುತ್ತಿವೆ. ನಟ್ ಗೆರೆ ಮುರಿದಿದ್ದರೆ ನಟ್ ತಿರುಗಿದೆ. ಪಾಟಾ ಪಕ್ಕದ ಗೆರೆ ಉದ್ದಕ್ಕೆ ಕೂದಲೆಳೆಯಷ್ಟು ಸರಿದಿದ್ದರೆ ಪರವಾಗಿಲ್ಲ, ಪಾಟಾ ಕೆಲಸವೇ ಜಾರುವುದು. ಒಂದು ಪಾಟಾ ಅಡ್ಡಕ್ಕೆ ಹೊರಬಂದಿದ್ದರೆ ಪಾಟಾಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ ಅಥವಾ ಅವುಗಳ ನಡುವೆ ತೂರುವ ಸೆಂಟರ್ ಬೋಲ್ಟ್ ತುಂಡಾಗಿದೆ.

4. ಬುಷ್ ಮತ್ತು ಶ್ಯಾಕಲ್: ಇಲ್ಲಿ ಅವಸರ ಬೇಡ

ಸಮತಟ್ಟು ನೆಲ, ಮುಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು. ಹ್ಯಾಂಡ್ ಬ್ರೇಕ್ ನಂಬಬೇಡಿ. ಕೆಲವು ಹಳೆಯ ಜೀಪುಗಳಲ್ಲಿ ಅದು ಗಾಲಿಗೆ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಶಾಫ್ಟಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನ ಒಂದೇ ಗಾಲಿ ಎತ್ತಿದರೆ, ಶಾಫ್ಟ್ ನಿಂತೇ ಇದ್ದರೂ ಡಿಫರೆನ್ಷಿಯಲ್ ಮೂಲಕ ಎತ್ತಿದ ಗಾಲಿ ಒಂದು ಕಡೆ, ನೆಲದ ಗಾಲಿ ಇನ್ನೊಂದು ಕಡೆ ತಿರುಗಿ ಗಾಡಿ ಜಾಕಿನಿಂದ ಜಾರುತ್ತದೆ.

ಗಾಡಿಯ ಕೆಳಗೆ ಜಾಗ ಸಾಕಾದರೆ ಎತ್ತಲೇಬೇಡಿ. ಸಾಲದಿದ್ದರೆ ಎರಡೂ ಬದಿ ಹೌಸಿಂಗ್ ಕೊಳವೆಯ ಕೆಳಗೆ, ಪಾಟಾಕ್ಕೆ ಹತ್ತಿರ, ಗಟ್ಟಿ ಸ್ಟ್ಯಾಂಡ್ ಕೊಡಿ. ಚಾಸಿಗೆ ಕೊಡಬೇಡಿ. ಇಟ್ಟಿಗೆ ಪೇರಿಸಿ ಕೆಳಗೆ ಹೊಗುವುದಂತೂ ಬೇಡವೇ ಬೇಡ.

ಈಗ ಒಬ್ಬರು ಹಿಂದಿನ ಬಂಪರ್ ಹಿಡಿದು ಗಾಡಿಯನ್ನು ಎಡಕ್ಕೆ ಬಲಕ್ಕೆ ತೂಗಲಿ, ಮೇಲೆ ಕೆಳಗೆ ಒತ್ತಲಿ. ಕೆಳಗಿರುವವರು ಕಿವಿಗೆ ಕೆಲಸ ಕೊಡಬಾರದು. ಸದ್ದು ಚಾಸಿಯ ಉದ್ದಕ್ಕೂ ಓಡುತ್ತದೆ, ಬಲಗಡೆಯ ‘ಟಕ್’ ಎಡಗಡೆ ಕೇಳುತ್ತದೆ. ಬೆರಳು ಬಳಸಿ. ಪಾಟಾ ಕಣ್ಣು (ತುದಿಯಲ್ಲಿ ಸುರುಳಿ ಸುತ್ತಿದ ತೂತು) ಮತ್ತು ಬ್ರಾಕೆಟ್ ಸೇರುವ ಸಂದಿಯ ಹೊರಮೈ ಮೇಲೆ ಒಂದು ಬೆರಳು ಅಡ್ಡ ಇಡಿ, ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ. ಸಂದಿ ಒಳಕ್ಕೆ ತೂರಿಸಬೇಡಿ. ಒಳಗೆ ಸಡಿಲವಿದ್ದರೆ ಬೆರಳಿಗೆ ಸಣ್ಣ ಪೆಟ್ಟು ಸಿಗುತ್ತದೆ, ಅದು ಸದ್ದಿಗಿಂತ ಖಾತ್ರಿ. ಒಂದು ಬದಿಗೆ ಮೂರು ಜಾಗ: ಮುಂದಿನ ಸ್ಥಿರ ಕಣ್ಣು, ಹಿಂದಿನ ಶ್ಯಾಕಲ್ ಕೆಳತುದಿ, ಶ್ಯಾಕಲ್ ಮೇಲ್ತುದಿ. ಎರಡೂ ಬದಿ ಸೇರಿ ಆರು. ಮುಂದಿನ ಕಣ್ಣನ್ನೇ ಹೆಚ್ಚು ಜನ ಮರೆಯುತ್ತಾರೆ. ಎಳೆತ, ಬ್ರೇಕ್ ಎರಡೂ ಅದರ ಮೇಲೆಯೇ ಬೀಳುತ್ತವೆ, ಮೊದಲು ಸಾಯುವುದೂ ಅನೇಕ ಸಲ ಅದೇ.

ಆಮೇಲೆ ಟಾಮಿ. ಕಣ್ಣು ಮತ್ತು ಬ್ರಾಕೆಟ್ ಮಧ್ಯೆ ತುದಿ ಇಟ್ಟು ನಿಧಾನ ಮೀಟಿ. ರಬ್ಬರ್ ಬಗ್ಗಿ, ಬಿಟ್ಟ ಕೂಡಲೇ ಮೊದಲಿನ ಜಾಗಕ್ಕೆ ಬಂದರೆ ಸರಿ. ಲೋಹಕ್ಕೆ ಲೋಹ ತಾಗಿದ ‘ಕಿಣಿ’ ಬಂದರೆ ಬುಷ್ ಹೋಗಿದೆ. ಬೋಲ್ಟ್ ಕಣ್ಣಿನ ನಡುವೆ ಇಲ್ಲದೆ ಒಂದು ಪಕ್ಕ ಕೂತಿರುವುದು ಬರಿಗಣ್ಣಿಗೇ ಕಾಣುತ್ತದೆ. ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್ ಆದರೆ ಮೊದಲು ಗ್ರೀಸ್ ಹೊಡೆಯಿರಿ. ಹೊಸ ಗ್ರೀಸ್ ಎರಡೂ ತುದಿಯಿಂದ ಹೊರಬರಬೇಕು. ಒಂದೇ ತುದಿಯಿಂದ ಬಂದರೆ ದಾರಿ ಕಟ್ಟಿದೆ, ಬಿಚ್ಚದೆ ಗತಿಯಿಲ್ಲ.

‘ಕಿರ್ ಕಿರ್’ ಸದ್ದಿಗೆ ನೀರಿನ ಪರೀಕ್ಷೆ ಸಾಕು. ಬಾಟಲಿಯಲ್ಲಿ ಸಾಬೂನು ನೀರು ತೆಗೆದುಕೊಂಡು ಆರು ಜಾಗಕ್ಕೆ ಒಂದೊಂದಾಗಿ ಹಾಕಿ, ಪ್ರತಿ ಸಲ ಬಂಪರ್ ಒತ್ತಿಸಿ. ಯಾವುದಕ್ಕೆ ಹಾಕಿದಾಗ ಸದ್ದು ನಿಂತಿತೋ ಅದೇ ಕಳ್ಳ. ಆರಕ್ಕೂ ನಿಲ್ಲದಿದ್ದರೆ ಪಾಟಾ ತುದಿಗಳಿಗೆ ಹಾಕಿ. ಎಲ್ಲಕ್ಕೂ ಒಂದೇ ಸಲ ಹಳೇ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ನಮ್ಮ ಕಡೆ ಜಾಸ್ತಿ. ಅದು ರಬ್ಬರನ್ನು ಉಬ್ಬಿಸಿ ಕೊಳೆಸುತ್ತದೆ, ದೂಳು ಹಿಡಿದು ಸಾಣೆ ಪುಡಿಯಂತೆ ಪಾಟಾ ತಿನ್ನುತ್ತದೆ, ಡ್ರಮ್ಮಿಗೆ ಹನಿದರೆ ಬ್ರೇಕೂ ಹೋಗುತ್ತದೆ. ಪಾಟಾ ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ, ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿ. ತುದಿಯಲ್ಲಿ ನೈಲಾನ್ ಪ್ಯಾಡ್ ಇರುವ ಪಾಟಾಕ್ಕೆ ಅದೂ ಬೇಡ, ಸವೆದ ಪ್ಯಾಡ್ ಬದಲಿಸಿದರೆ ಆಯಿತು.

5. ಯು ಬೋಲ್ಟ್, ಸೆಂಟರ್ ಬೋಲ್ಟ್, ಒಡೆದ ಪಾಟಾ

ಮುಂದಿನ ಕಣ್ಣಿನ ಬೋಲ್ಟ್ ನಡುವಿನಿಂದ ಹೌಸಿಂಗ್ ಕೊಳವೆಯ ನಡುವಿಗೆ ಟೇಪ್ ಹಿಡಿಯಿರಿ. ಎಡ, ಬಲ ಅಳತೆಗಳ ನಡುವೆ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಸರಿದಿದೆ ಅಂತ ಶಂಕಿಸಿ. ಮೊದಲು ಸಡಿಲಾಗುವುದು ಯು ಬೋಲ್ಟ್. ಆಮೇಲೆ ಇಡೀ ಎಳೆತ ಆ ಸಣ್ಣ ಸೆಂಟರ್ ಬೋಲ್ಟ್ ಮೇಲೆ ಬಿದ್ದು ಅದು ತುಂಡಾಗುತ್ತದೆ. ಹೊಸದನ್ನು ತರುವಾಗ ತಲೆ ಮೇಲೆ 8.8 ಅಥವಾ 10.9 ಅಂತ ಅಚ್ಚಾದ ಬೋಲ್ಟನ್ನೇ ಕೇಳಿ. ತಲೆ ಹೌಸಿಂಗಿನ ಸೀಟಿನ ತೂತಿಗೆ ಸರಿಯಾಗಿ ಕೂರಬೇಕು. ಗೇಟು ಕಟ್ಟುವ ಸಾದಾ ಬೋಲ್ಟ್ ಹಾಕಿದರೆ ವಾರಕ್ಕೆ ಅದೇ ಹಾಡು. ಬಿಚ್ಚಿದ ಯು ಬೋಲ್ಟ್ ಮತ್ತೆ ಹಾಕಬೇಡಿ, ಅದು ಒಮ್ಮೆ ಎಳೆದು ಉದ್ದವಾಗಿರುತ್ತದೆ.

ಖಾಲಿ ಗಾಡಿಯಲ್ಲಿ ಹಬ್ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎರಡೂ ಬದಿ ಅಳೆಯಿರಿ. ಒಂದು ಬದಿ 20 ಮಿ.ಮೀ. ಕುಸಿದಿದ್ದರೆ ಒಡೆದ ಪಾಟಾ ಹುಡುಕಿ. ಒಡೆಯುವುದು ಹೆಚ್ಚಾಗಿ ಸೆಂಟರ್ ಬೋಲ್ಟ್ ತೂತಿನ ಹತ್ತಿರ ಅಥವಾ ಕ್ಲಿಪ್ಪಿನ ಕೆಳಗೆ, ಹೊರಗಿನಿಂದ ಕಾಣದ ಜಾಗದಲ್ಲಿ. ಬಿಚ್ಚಿದ ಪಾಟಾಕ್ಕೆ ಡೀಸೆಲ್ ಸವರಿ, ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಡೀಸೆಲ್ ಜಿನುಗಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಉಳ್ಳಾಗಡ್ಡಿ ಚೀಲ ಹೇರಿ ಕುಸಿದ ಪಾಟಾಕ್ಕೆ ಮತ್ತೊಂದು ಪಾಟಾ ಸೇರಿಸುವುದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗಿಸುವುದು ಎರಡೂ ಬೇಡ. ಮೊದಲನೆಯದು ಖಾಲಿ ಗಾಡಿಯನ್ನು ಎತ್ತಿನ ಬಂಡಿ ಮಾಡುತ್ತದೆ. ಎರಡನೆಯದರಿಂದ ಉಕ್ಕಿನ ಹದ ಹೋಗಿ ತಿಂಗಳೊಳಗೆ ಮತ್ತೆ ಚಪ್ಪಟೆಯಾಗುತ್ತದೆ. ತಣ್ಣಗೆ ಬಡಿದು ಕಮಾನು ಏರಿಸುವ ಹಳೆಯ ಕೈಗಳು ಸಿಕ್ಕರೆ ಅವರಿಗೆ ಕೊಡಿ, ಇಲ್ಲದಿದ್ದರೆ ಹೊಸ ಸೆಟ್ ಕೊಳ್ಳಿ.

6. ಶಾಕಪ್ ಸರದಿ ಈಗ

ಒಂದು ಬದಿಯ ಶಾಕಪ್ ಕೆಳಬೋಲ್ಟ್ ಬಿಚ್ಚಿ, ತೂಗದಂತೆ ಮೇಲೆ ಕಟ್ಟಿ, 20 ಕಿ.ಮೀ. ವೇಗದೊಳಗೆ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬನ್ನಿ. ಸದ್ದು ನಿಂತರೆ ಅದೇ. ಬುಷ್ ಮಾತ್ರ ಹೋಗಿದ್ದರೆ ಬುಷ್ ಮಾತ್ರ ಬದಲಿಸಿ. ಕೈಯಲ್ಲಿ ನೆಟ್ಟಗೆ ಹಿಡಿದು ಐದಾರು ಸಲ ಒತ್ತಿ ಎಳೆದಾಗ ನಡುವೆ ಎಲ್ಲಾದರೂ ಪೊಳ್ಳು ಸಿಕ್ಕರೆ, ಅಥವಾ ಎಣ್ಣೆ ಸೋರಿದ್ದರೆ, ಆಗ ಜೋಡಿ ಹೊಸವು.

7. ಕೊನೆಯ ಬಿಗಿ

ಹೊಸ ಬುಷ್ ಹಾಕಿದ ಮೇಲೆ ನಡೆಯುವ ದೊಡ್ಡ ತಪ್ಪು ಇದು: ಗಾಲಿ ಜೋತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿಯುತ್ತಾರೆ. ರಬ್ಬರ್ ಆ ಸ್ಥಿತಿಯಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದಾಗ ಪಾಟಾ ಚಪ್ಪಟೆಯಾಗಿ ಕಣ್ಣು ತಿರುಗುತ್ತದೆ, ರಬ್ಬರ್ ಹಿಂಡಿದ ಬಟ್ಟೆಯಂತೆ ಹುರಿಗೊಂಡೇ ಉಳಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಬುಷ್ ಡುಪ್ಲಿಕೇಟ್ ಇತ್ತು’ ಅಂತ ಅಂಗಡಿಯವರಿಗೆ ಬೈಗುಳ ಬೀಳುತ್ತದೆ. ನಟ್ ಕೈಬಿಗಿ ಇಡಿ, ಗಾಡಿ ಗಾಲಿ ಮೇಲೆ ಇಳಿಸಿ, ನಾಲ್ಕು ಸಲ ಒತ್ತಿ ಕೂರಿಸಿ, ಹತ್ತು ಹೆಜ್ಜೆ ಮುಂದೆ ಹಿಂದೆ ಓಡಿಸಿ, ಆಮೇಲೆ ಕೆಳಗೆ ಹೊಕ್ಕು ಪೂರ್ತಿ ಬಿಗಿಯಿರಿ. ಯು ಬೋಲ್ಟ್‌ಗಳನ್ನು ಮೂಲೆಯಿಂದ ಮೂಲೆಗೆ, ಮೂರು ಸುತ್ತಿನಲ್ಲಿ ಬಿಗಿಯಿರಿ. 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿಯಿರಿ.

ಬುಷ್ ರಬ್ಬರಿನದೇ ಇರಲಿ. ಪಿಯು (ಪಾಲಿಯುರೆಥೇನ್) ಬುಷ್ ಬಾಳಿಕೆ ಬರುತ್ತದೆ ನಿಜ, ಆದರೆ ಸಿಲಿಕಾನ್ ಗ್ರೀಸ್ ಒಣಗಿದ ದಿನದಿಂದ ಕಿರುಗುಡುತ್ತದೆ, ನಮ್ಮ ದೂಳಿನಲ್ಲಿ ಅದು ಬೇಗ ಒಣಗುತ್ತದೆ. ಸೈಕಲ್ ಟ್ಯೂಬ್ ಸುತ್ತಿ ಹಳೇ ಬುಷ್ ಬಿಗಿ ಮಾಡುವುದು ಊರು ಮುಟ್ಟಲು ಸಾಕು.

ಇಷ್ಟೆಲ್ಲ ಮಾಡಿಯೂ ಸದ್ದು ಉಳಿದರೆ ಚಾಸಿ ಬಿಟ್ಟು ಮೇಲೆ ನೋಡಿ. ಬಾಡಿಯನ್ನು ಚಾಸಿಗೆ ಕೂರಿಸುವ ಹಿಂದಿನ ರಬ್ಬರ್‌ಗಳು ಗಾಲಿಯ ಕೆಸರು ಸಿಡಿಯುವ ಜಾಗದಲ್ಲೇ ಇರುತ್ತವೆ. ಅವುಗಳ ಸುತ್ತ ಗಟ್ಟಿಯಾದ ಎರೆಮಣ್ಣನ್ನು ಸ್ಕ್ರೂಡ್ರೈವರಿನಿಂದ ಕೆರೆದು ನೋಡಿದರೆ, ಎಷ್ಟೋ ಸಲ ಒಳಗೆ ರಬ್ಬರೇ ಇರುವುದಿಲ್ಲ, ಬೋಲ್ಟ್ ಬರೀ ಮಣ್ಣಿನಲ್ಲಿ ನಿಂತಿರುತ್ತದೆ.