ಕುಂಟು ಕುದುರೆಗೆ ಕಡಲ ಮರಳು: ನನ್ನ ಅನುಭವ

ರೇಸ್‌ನಿಂದ ಹೊರಬಿದ್ದ ನಮ್ಮ ಕುದುರೆ ಬಾದಲ್ ಈಗ ಒಂದು ಮೀಟರ್ ಹತ್ತು ಸೆಂಟಿಮೀಟರ್ ಎತ್ತರದ ಜಂಪ್‌ಗಳನ್ನು ಆರಾಮಾಗಿ ಹಾರುತ್ತಾನೆ. ಮುಂಗಾಲು ಕುಂಟುವುದಿಲ್ಲ, ನೋವು ತಗ್ಗಿಸುವ ಬ್ಯೂಟ್ ಪುಡಿಯ ಹಂಗೂ ಇಲ್ಲ. "ಸುಮ್ನೆ ದುಡ್ಡು ದಂಡ, ಕೊಟ್ಟುಬಿಡಿ" ಅಂದವರೇ ಈಗ ಫೋನ್ ಮಾಡಿ, ಏನು ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದಾರಿ ತೋರಿಸಿದ್ದು ರೆಡ್ ರಮ್. ಸ್ಟೀಪಲ್‌ಚೇಸ್, ಅಂದರೆ ಬೇಲಿ ಹಾರುವ ಕುದುರೆ ರೇಸ್ ನೋಡುವವರಿಗೆ ಆ ಹೆಸರು ಗೊತ್ತೇ ಇರುತ್ತೆ. 1965ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಕುದುರೆ. ಮೊದಲು ಬೇಲಿಯಿಲ್ಲದ ಸಣ್ಣ ರೇಸ್‌ಗಳಲ್ಲಿ ಓಡಿತು, ಲಾಯದಿಂದ ಲಾಯಕ್ಕೆ ಕೈ ಬದಲಾಯಿತು. 1972ರಲ್ಲಿ ಜಿಂಜರ್ ಮೆಕೇನ್ ಅನ್ನುವ ತರಬೇತುದಾರ ಮಾಲೀಕನೊಬ್ಬನಿಗಾಗಿ 6,000 ಗಿನಿಗೆ (ಬ್ರಿಟನ್ನಿನ ಹಣದ ಲೆಕ್ಕ) ಅದನ್ನು ಕೊಂಡ. ಮೆಕೇನ್ ಕಾರು ಮಾರುತ್ತಿದ್ದ, ಟ್ಯಾಕ್ಸಿ ಓಡಿಸುತ್ತಿದ್ದ ಮನುಷ್ಯ. ಇಂಗ್ಲೆಂಡಿನ ಕಡಲೂರು ಸೌತ್‌ಪೋರ್ಟ್‌ನಲ್ಲಿ ಶೋರೂಮಿನ ಹಿಂದೆಯೇ ಅವನ ಲಾಯ. ಹೊಸ ಕುದುರೆ ಮರಳಿಗಿಳಿದರೆ ಕುಂಟು! ಪೆಡಲ್ ಆಸ್ಟಿಯೈಟಿಸ್, ಗೊರಸಿನೊಳಗಿನ ಮೂಳೆಯ ಉರಿಯೂತ. ಮೆಕೇನ್ ಅದನ್ನು ಕಡಲ ನೀರಿಗೆ ಇಳಿಸಿದ. ದಿನವೂ ಅದೇ ಮರಳು, ಅದೇ ನೀರು.

1973ರಲ್ಲಿ ಇಂಗ್ಲೆಂಡಿನ ದೊಡ್ಡ ಸ್ಟೀಪಲ್‌ಚೇಸ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 12 ಸ್ಟೋನ್, ಅಂದರೆ ಸುಮಾರು 76 ಕಿಲೋ ಭಾರ ಹೊತ್ತಿದ್ದ ಕ್ರಿಸ್ಪ್ ಅನ್ನುವ ಕುದುರೆ ಬಹಳ ಮುಂದಿತ್ತು. ಕೊನೆಯ ಓಟದಲ್ಲಿ ರೆಡ್ ರಮ್ ಅದನ್ನು ಹಿಡಿದು ಮುಕ್ಕಾಲು ಲೆಂತ್‌ನಲ್ಲಿ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಗೆದ್ದಿತು. ಮರುವರ್ಷ ಅದೇ 12 ಸ್ಟೋನ್ ರೆಡ್ ರಮ್ ಬೆನ್ನಿಗೇ ಬಂತು. ಆದರೂ ಗೆದ್ದಿತು. 1975 ಮತ್ತು 76ರಲ್ಲಿ ಎರಡನೇ ಸ್ಥಾನ, 1977ರಲ್ಲಿ ಟಾಮಿ ಸ್ಟ್ಯಾಕ್ ಸವಾರಿಯಲ್ಲಿ ಮೂರನೇ ಗೆಲುವು, ಅದೂ 25 ಲೆಂತ್‌ನಿಂದ. ಐದು ಸಲ ಏನ್‌ಟ್ರೀ ರೇಸ್‌ಕೋರ್ಸ್‌ನಲ್ಲಿ ಆ ರೇಸ್ ಓಡಿದೆ, ಸಲಕ್ಕೆ 30 ಬೇಲಿ. ಒಮ್ಮೆಯೂ ಬಿದ್ದಿಲ್ಲ. ಕಾಲೇ ಸರಿಯಿಲ್ಲ ಅನ್ನಿಸಿಕೊಂಡ ಕುದುರೆ ಅದು!

ಬಾದಲ್‌ನದೂ ಅದೇ ಕಾಯಿಲೆ. ಐವತ್ತು ಸಾವಿರದ ಆಸುಪಾಸಿಗೆ ಬಂದ. ಕೊಟ್ಟವರು "ಸ್ವಲ್ಪ ಸವೆತ ಅಷ್ಟೇ" ಅಂದಿದ್ದರು. ಎಕ್ಸ್-ರೇ ತೆಗೆಸಿದರೆ ಎರಡೂ ಮುಂಗಾಲಿನ ಮೂಳೆಯ ಅಂಚು ಒರಟೊರಟು. ಗೊರಸಿನ ಮೇಲೆ ಅಂಗೈ ಇಟ್ಟರೆ ಬಿಸಿ ತಾಗುತ್ತಿತ್ತು. ಗೆಣ್ಣಿನ ಹಿಂದೆ ಎರಡು ಬೆರಳಿಟ್ಟರೆ ನಾಡಿ ಗುದ್ದಿ ಗುದ್ದಿ ಹೊಡೆಯುತ್ತಿತ್ತು. ಬೆಂಗಳೂರಿನ ಗಟ್ಟಿ ನೆಲದಲ್ಲಿ ನಾಲ್ಕು ಸುತ್ತು ಟ್ರಾಟ್ (ಕುಕ್ಕುಲೋಟ) ಮಾಡಿಸಿದರೆ ತಲೆ ಎತ್ತಿ ಎತ್ತಿ ಹಾಕುತ್ತಿದ್ದ.

ಮೊದಲ ವರ್ಷ ದುಡ್ಡು ನೀರಿನ ಹಾಗೆ ಹೋಯಿತು. ಚರ್ಮದ ಪ್ಯಾಡ್, ಆಮೇಲೆ ಪ್ಲಾಸ್ಟಿಕ್ ಪ್ಯಾಡ್, ಹೊರಗಿನಿಂದ ತರಿಸಿದ ಲಾಳ. ಪ್ರತಿ ಸಲ ನಾಲ್ಕೈದು ಸಾವಿರ. ಒಂದು ವಾರ ಚೆನ್ನಾಗಿರುತ್ತಿದ್ದ, ಮತ್ತೆ ಮೊದಲಿನಂತೆಯೇ. ಕಲ್ಲುಪ್ಪು, ಐಸ್ ಹಾಕಿದ ಬಕೆಟ್‌ನಲ್ಲೂ ಕಾಲಿಟ್ಟು ನಿಲ್ಲಿಸಿದೆ. ಬಿಸಿ ಇಳಿಯುತ್ತಿತ್ತು, ಸಂಜೆಗೆ ವಾಪಸ್. ಹುರುಳಿ, ಓಟ್ಸ್, ಕುದುರೆ ಮೆಂತೆ, ಸೈಸ್ (ಕುದುರೆ ನೋಡಿಕೊಳ್ಳುವವನು) ಸಂಬಳ ಸೇರಿ ತಿಂಗಳಿಗೆ ಮೂವತ್ತು ಸಾವಿರದ ಮೇಲೆ. ಓಡದ ಕುದುರೆಗೆ!

ಆದರೆ ಆ ಬಕೆಟ್‌ನಿಂದಲೇ ನನಗೆ ಒಂದು ಗೊತ್ತಾಯಿತು. ತಂಪು, ಉಪ್ಪು ಎರಡನ್ನೂ ಕೊಟ್ಟರೂ ಸಾಲದು ಅಂದಮೇಲೆ, ಸೌತ್‌ಪೋರ್ಟ್‌ನಲ್ಲಿ ಕೆಲಸ ಮಾಡಿದ್ದು ನೆಲವೂ ಇರಬೇಕು ಅಲ್ವಾ? ಪೆಟ್ಟು ಹೀರುವ ಒದ್ದೆ ಮರಳು, ಮೊಣಕಾಲ ಮಟ್ಟದ ನೀರಿನ ತಡೆ, ದಿನವೂ ತಪ್ಪದ ನಿಧಾನದ ಕೆಲಸ. ಎಲ್ಲರೂ ಹೇಳಿದ ಆಕ್ಷೇಪ ಒಂದೇ: ಅಲ್ಲಿನ ಕಡಲು ತಣ್ಣಗೆ, ನಮ್ಮದು ಬೆಚ್ಚಗೆ, ಇಲ್ಲಿ ನಡೆಯಲ್ಲ. ನಡೆಯುತ್ತೆ ಅಂತ ನಾನು ಗ್ಲಾಂಡರ್ಸ್ ಅನ್ನುವ ಸಾಂಕ್ರಾಮಿಕ ರೋಗದ ಟೆಸ್ಟ್ ಮಾಡಿಸಿ, ಲಾರಿಗೆ ಮೂವತ್ತು ಸಾವಿರದಷ್ಟು ಕೊಟ್ಟು ಬಾದಲ್‌ನನ್ನು ಉಡುಪಿ ಹತ್ತಿರದ ಕಾಪು ಕಡಲತೀರದ ಕಡೆಗೆ ಇಳಿಸಿದೆ. ತೆಂಗಿನ ತೋಟದಲ್ಲಿ ಒಂದು ಶೆಡ್ ಬಾಡಿಗೆಗೆ ಸಿಕ್ಕಿತು.

ಸೈಸ್ ಮೊದಲ ದಿನವೇ ಅಡ್ಡ ನಿಂತ. "ಸಾರ್, ಉಪ್ಪುನೀರು ಗೊರಸು ತಿಂದುಬಿಡುತ್ತೆ." ಅವನು ಹೇಳಿದ್ದರಲ್ಲಿ ಸತ್ಯ ಇದೆ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಗೊರಸು ಒಣಗಿ ಬಿರಿಯುತ್ತೆ. ಲಾಳದ ಮೊಳೆಗೂ ಬೇಗ ತುಕ್ಕು. ಎಣ್ಣೆಗೆ ಏನು ಬೆರೆಸುತ್ತೇನೆ ಅನ್ನುವುದು ನಮ್ಮ ಲಾಯದಲ್ಲೇ ಇರಲಿ.

ಜಾಗ ಆರಿಸುವುದೇ ಮುಖ್ಯ. ಸೌತ್‌ಪೋರ್ಟ್‌ನಲ್ಲಿ ಇಳಿತಕ್ಕೆ ಕಡಲು ಬಹಳ ದೂರ ಸರಿಯುತ್ತೆ, ಮೈದಾನವೇ ಸಿಗುತ್ತೆ. ನಮ್ಮಲ್ಲಿ ಉಬ್ಬರ ಇಳಿತದ ಅಂತರ ಕಡಿಮೆ. ಕೆಲಸಕ್ಕೆ ಬರುವ ಮರಳು ಒಂದು ಕಿರಿದಾದ ಪಟ್ಟಿ ಮಾತ್ರ. ಮೇಲಿನ ಒಣ ಮರಳಿನಲ್ಲಿ ಕಾಲು ಹೂತು ಸ್ನಾಯುರಜ್ಜಿಗೆ (ಟೆಂಡನ್) ಪೆಟ್ಟು. ತೀರಾ ಕೆಳಗೆ ಓರೆ ಜಾಸ್ತಿ. ಗೊರಸಿನ ಗುರುತು ಅರ್ಧ ಇಂಚು ಮೂಡಿ, ಅಂಚು ಕುಸಿಯದೆ ನಿಲ್ಲಬೇಕು. ಅದೇ ನನ್ನ ಅಳತೆ. ಉಬ್ಬರ ಇಳಿತದ ವೇಳಾಪಟ್ಟಿ ನೋಡಿ, ಇಳಿತ ಬೆಳಿಗ್ಗೆ ಬರುವ ದಿನಗಳನ್ನು ಹಿಡಿಯಬೇಕು. ಹೋಗುವಾಗ ಒಂದು ಕಡೆ ಓರೆಯಾದರೆ ಬರುವಾಗ ಇನ್ನೊಂದು ಕಡೆ, ಹಾಗಾಗಿ ಎರಡೂ ದಿಕ್ಕಿಗೆ ಸಮ ನಡಿಗೆ.

ಮೊದಲ ತಿಂಗಳು ಬರೀ ನಡಿಗೆ, ಜೀನು ಇಲ್ಲ. ಕೊನೆಗೆ ಇಪ್ಪತ್ತು ನಿಮಿಷ ನೀರಿನಲ್ಲಿ. ಅಲೆಗೆ ಬೆದರುವ ಕುದುರೆಯನ್ನು ಹೇಗೆ ಇಳಿಸುತ್ತೇನೆ ಅಂತ ನೋಡಲು ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ. ಎರಡನೇ ತಿಂಗಳು ಟ್ರಾಟ್, ಮೂರರಲ್ಲಿ ಸಣ್ಣ ಕ್ಯಾಂಟರ್, ಅಂದರೆ ಅದಕ್ಕಿಂತ ಜೋರಿನ ಓಟ. ಆರನೇ ವಾರದ ಹೊತ್ತಿಗೇ ಬೆರಳಿಗೆ ನಾಡಿ ಮೆತ್ತಗಾಗಿತ್ತು.

ಮಳೆಗಾಲದಲ್ಲಿ ಕಡಲಿಗಿಳಿಯುವ ಹಾಗಿಲ್ಲ. ಖಾಲಿ ಬಿದ್ದಿದ್ದ ಕಂಬಳದ ಕರೆಯಲ್ಲಿ (ಕೋಣ ಓಡಿಸುವ ಕೆಸರಿನ ಗದ್ದೆ) ನಡೆಸಿ ನೋಡಿದೆ, ಯಜಮಾನರು ಖುಷಿಯಿಂದ ಬಿಟ್ಟುಕೊಟ್ಟರು. ಕೋಣಕ್ಕೆ ಸರಿ, ಕುದುರೆಗೆ ಆ ಕೆಸರು ಆಗದು. ಎರಡನೇ ದಿನವೇ ಲಾಳ ಕಿತ್ತುಕೊಂಡಿತು. ಆಮೇಲೆ ಹೊಳೆಯ ಮರಳು ತರಿಸಿ ತೋಟದೊಳಗೆ ಉದ್ದಕ್ಕೆ ಹಾಸಿ, ನೀರು ಹೊಡೆದು ನಡೆಸಿದೆವು. ಕಡಲಿನಷ್ಟು ಚೆನ್ನಾಗಿಲ್ಲ, ಆದರೆ ಕಾಲು ಹಿಂದೆ ಬೀಳಲಿಲ್ಲ.

ಒಟ್ಟು ಖರ್ಚು ಎರಡು ವರ್ಷಕ್ಕೆ ಹತ್ತು ಲಕ್ಷದ ಹತ್ತಿರ. ಕಳೆದ ಚಳಿಗಾಲದಲ್ಲಿ ಬಾದಲ್ ಒಂದೂ ಕಂಬಿ ಬೀಳಿಸದೆ ಸುತ್ತು ಮುಗಿಸಿದ ಮೇಲೆ ಒಬ್ಬರು ನಾಲ್ಕು ಲಕ್ಷಕ್ಕೆ ಕೇಳಿದರು. ಕೊಡಲಿಲ್ಲ, ಕೊಡುವುದೂ ಇಲ್ಲ.

ಅಕ್ಟೋಬರ್‌ಗೆ ಇದೇ ಕಾಯಿಲೆಯ ಹೆಣ್ಣು ಕುದುರೆಯೊಂದು ನಮ್ಮಲ್ಲಿಗೆ ಬರುತ್ತಿದೆ. ಮಾಲೀಕರಿಗೆ ಮೂರು ಮಾತು ಮೊದಲೇ ಹೇಳಿದ್ದೇನೆ: ನಾಲ್ಕು ತಿಂಗಳಿಗೆ ಕಮ್ಮಿ ಬೇಡ, ಬ್ಯೂಟ್ ಬೇಡ, ಲಾಳ ಕಟ್ಟುವವರು ನಾನು ಕರೆಸಿದವರೇ ಆಗಬೇಕು. ಒಪ್ಪಿದ್ದಾರೆ.