ಆನೆಗೊಂದಿಯಲ್ಲಿ ಮನೆ ಹಿಡಿದು ಅಡುಗೆ ಮಾಡಿಕೊಳ್ಳುವವರಿಗೆ: ಮಂಗಗಳ ಕಣ್ಣು ತಪ್ಪಿಸುವುದು
ಆನೆಗೊಂದಿಯಲ್ಲಿ ಹೊಳೆ ಕಾಣುವ ಮನೆ ಬಾಡಿಗೆಗೆ ಹಿಡಿದು ನೀವೇ ಅಡುಗೆ ಮಾಡಿಕೊಳ್ಳುವುದಾದರೆ, ಗಂಗಾವತಿಯಿಂದ ತಂದ ಕಾಯಿಪಲ್ಲೆ, ಹಣ್ಣನ್ನು ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಹಿಡಿದು ಗಾಡಿ ಇಳಿಯಬೇಡಿ. ಬಟ್ಟೆ ಚೀಲದಲ್ಲಿ ಒಳಗೊಯ್ದು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಗೆ ಹಾಕಿ. ಅಡುಗೆಮನೆ ಕಿಟಕಿ ಗಾಜಿಗೆ ಒಳಗಿನಿಂದ ಅನ್ನದ ಗಂಜಿ ಸವರಿ ಹಳೆ ಪೇಪರ್ ಅಂಟಿಸಿ. ಹೊರಡುವ ದಿನ ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಕಲೆ ಉಳಿಯದೆ ಬರುತ್ತದೆ. ಮಂಗಗಳು ತಿನಿಸನ್ನು ಹೆಚ್ಚಾಗಿ ಕಣ್ಣಿನಿಂದ ಹುಡುಕುತ್ತವೆ, ಕ್ಯಾರಿಬ್ಯಾಗ್ ಅಂದರೆ ಬಾಳೆಹಣ್ಣು ಎಂದು ಅಂಜನಾದ್ರಿ ಮೆಟ್ಟಿಲ ಮೇಲೇ ಕಲಿತಿರುತ್ತವೆ. ಆ ಕಿಟಕಿಯಲ್ಲಿ ಮೊದಲೇ ಯಾರೋ ತಿನ್ನಲು ಕೊಟ್ಟು ರೂಢಿ ಮಾಡಿಸಿದ್ದರೆ ಪೇಪರ್ ಅಂಟಿಸಿ ಉಪಯೋಗವಿಲ್ಲ, ಚಿಲಕ ಹಾಕಿಯೇ ಇರಬೇಕು. ಸರಿಯುವ ಕಿಟಕಿಯಾದರೆ ಹಳಿಯೊಳಗೆ ಅಳತೆಯ ಕಟ್ಟಿಗೆ ತುಂಡು ಮಲಗಿಸಿ, ಇಲ್ಲದಿದ್ದರೆ ಕೈಯಿಂದಲೇ ಸರಿಸಿಬಿಡುತ್ತವೆ. ಎದುರು ಬಂದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ತೋರಿಸಬೇಡಿ, ಮೈಮೇಲೆ ಬರುತ್ತವೆ.