ಊಟಕ್ಕೆ ಮೊಬೈಲ್ ಕೇಳುವ ಮಗು: ಪುನರ್ಬಲನ ಮತ್ತು ಶಿಕ್ಷೆಯನ್ನು ಅರಿತು ಬಳಸುವ ಬಗೆ

ಐದು ವರ್ಷದ ಮಗುವಿನ ಮುಂದೆ ಅನ್ನ-ಸಾರಿನ ತಟ್ಟೆಯಿದೆ. ಮೊಬೈಲ್ ಕೊಡುವವರೆಗೆ ಬಾಯಿ ತೆರೆಯುವುದಿಲ್ಲವೆಂದು ಅದು ಹಟ ಹಿಡಿದಿದೆ. ಹತ್ತು ನಿಮಿಷದ ರಂಪದ ನಂತರ ತಾಯಿ ಸೋತು ಮೊಬೈಲ್ ಕೊಡುತ್ತಾರೆ, ಅಳು ನಿಲ್ಲುತ್ತದೆ. ಇಲ್ಲಿ ಪಾಠ ಕಲಿತವರು ಇಬ್ಬರು. ಅತ್ತರೆ ಮೊಬೈಲ್ ಸಿಗುತ್ತದೆಂದು ಮಗು ಕಲಿಯಿತು, ಕೊಟ್ಟರೆ ಅಳು ನಿಲ್ಲುತ್ತದೆಂದು ತಾಯಿ ಕಲಿತರು. ಮೊದಲನೆಯದು ಧನಾತ್ಮಕ ಪುನರ್ಬಲನ, ಎರಡನೆಯದು ಋಣಾತ್ಮಕ ಪುನರ್ಬಲನ.

ಈ ಎರಡನೆಯ ಪದವನ್ನು ಶಿಕ್ಷೆ ಎಂದು ತಿಳಿಯುವವರೇ ಹೆಚ್ಚು. ಇಲ್ಲಿ ಧನ ಎಂದರೆ ಏನನ್ನಾದರೂ ಸೇರಿಸುವುದು, ಋಣ ಎಂದರೆ ಇದ್ದುದನ್ನು ತೆಗೆಯುವುದು, ಅಷ್ಟೇ. ಒಳ್ಳೆಯದು ಕೆಟ್ಟದ್ದರ ಮಾತಿಲ್ಲ. ಫಲಿತಾಂಶದಿಂದಾಗಿ ವರ್ತನೆ ಹೆಚ್ಚಿದರೆ ಅದು ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಹಾಗಾಗಿ, ಗದರಿಸಿದಷ್ಟೂ ತುಂಟತನ ಹೆಚ್ಚುತ್ತಿದ್ದರೆ, ಗದರುವವರ ಉದ್ದೇಶ ಏನೇ ಇರಲಿ, ಆ ಗದರಿಕೆ ಮಗುವಿಗೆ ಸಿಗುತ್ತಿರುವ ಗಮನವೇ ಆಗಿರಬಹುದು. ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ತೋರಿಸಿದ್ದೂ, ಮುಂದೆ ಅದೇ ದೇಶದ ಮನೋವಿಜ್ಞಾನಿ ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ವಿಸ್ತರಿಸಿದ್ದೂ ಫಲಿತಾಂಶವೇ ವರ್ತನೆಯನ್ನು ರೂಪಿಸುತ್ತದೆಂಬ ಇದೇ ತತ್ತ್ವವನ್ನು.

ಮೊದಲ ವಾರ ಏನನ್ನೂ ಬದಲಿಸಬೇಡಿ. ಹಟಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಕೂಡಲೇ ಅದಕ್ಕೆ ಏನು ಸಿಕ್ಕಿತು ಎಂಬ ಮೂರು ಸಂಗತಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉತ್ತರ ಬಹುತೇಕ ಮೂರನೆಯದರಲ್ಲಿಯೇ ಇರುತ್ತದೆ.

ನಂತರ ಯಾವ ವರ್ತನೆ ಬೇಕೆಂದು ನಿರ್ಧರಿಸಿ. ‘ಹಟ ಮಾಡಬಾರದು’ ಎಂಬುದು ಮೆಚ್ಚಲು ಬರುವಂಥ ವರ್ತನೆಯಲ್ಲ. ‘ಮೊಬೈಲ್ ಇಲ್ಲದೆ ಐದು ತುತ್ತು ತಾನೇ ತಿನ್ನುವುದು’ ಎಂಬುದಾದರೆ ಕಣ್ಣಿಗೆ ಕಾಣುತ್ತದೆ, ಎಣಿಸಲೂ ಬರುತ್ತದೆ. ಐದನೆಯ ತುತ್ತು ಬಾಯಿಗೆ ಹೋದ ಕ್ಷಣದಲ್ಲೇ ‘ಐದೂ ತುತ್ತು ನೀನೇ ತಿಂದೆಯಲ್ಲ ಪುಟ್ಟಾ!’ ಎನ್ನಿ, ಊಟವಾದೊಡನೆ ಒಂದು ಕತೆ ಹೇಳಿ. ಭಾನುವಾರ ಪಾರ್ಕಿಗೆ ಕರೆದೊಯ್ಯುವ ಮಾತು ಈ ವಯಸ್ಸಿಗೆ ತೀರ ದೂರದ್ದು. ಐದು ತುತ್ತು ರೂಢಿಯಾದ ಮೇಲೆ ಎಂಟು, ಆಮೇಲೆ ಅರ್ಧ ತಟ್ಟೆ ಎಂದು ಮೆಟ್ಟಿಲು ಏರಿಸುತ್ತ ಹೋಗಿ. ಬಹುಮಾನವಾಗಿ ಸಿಹಿ ಕೊಡುವುದು, ಶಿಕ್ಷೆಯಾಗಿ ಊಟ ತಪ್ಪಿಸುವುದು ಎರಡೂ ಬೇಡ.

ಕಷ್ಟವಿರುವುದು ಇನ್ನು ಮುಂದೆ. ಮೊಬೈಲ್ ಕೊಡುವುದನ್ನು ನಿಲ್ಲಿಸಿದಾಗ ಅಳು ಸಾಮಾನ್ಯವಾಗಿ ತಗ್ಗುವ ಮೊದಲು ಏರುತ್ತದೆ, ಏಕೆಂದರೆ ಈವರೆಗೆ ಫಲ ಕೊಟ್ಟ ಉಪಾಯವನ್ನು ಮಗು ಇನ್ನಷ್ಟು ಜೋರಾಗಿ ಪ್ರಯೋಗಿಸಿ ನೋಡುತ್ತದೆ. ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಮಣಿದರೆ, ಮೊದಲ ದಿನವೇ ಕೊಟ್ಟಿದ್ದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ. ಯಾವಾಗ ಸಿಗುತ್ತದೆಂದು ಹೇಳಲಾಗದ ಫಲಕ್ಕಾಗಿ ಮಾಡುವ ವರ್ತನೆ ಬೇಗ ಅಳಿಯದು, ಲಾಟರಿಯ ಚಟ ಉಳಿಯುವುದೂ ಹೀಗೆಯೇ. ಅಮ್ಮ ಬಿಗಿ ಹಿಡಿದು ಅಜ್ಜಿ ಸೆರಗಿನ ಮರೆಯಲ್ಲಿ ಮೊಬೈಲ್ ದಾಟಿಸುವ ಮನೆಯಲ್ಲಿ ಆಗುವುದೂ ಇದೇ. ಆದ್ದರಿಂದ ಅಜ್ಜಿಯನ್ನು ಮೊದಲೇ ಒಪ್ಪಿಸಿಕೊಳ್ಳಿ.

ಇನ್ನು ಶಿಕ್ಷೆಯ ವಿಚಾರ. ಒಂದೇಟು ಹಾಕಿದರೆ ಅಳು ಥಟ್ಟನೆ ನಿಲ್ಲಬಹುದು. ಹಾಗೆ ನಿಲ್ಲುವುದರಿಂದ ಬಲಗೊಳ್ಳುವುದು ಹೊಡೆಯುವ ಕೈಯ ಅಭ್ಯಾಸ. ಏಟು ಏನು ಮಾಡಬೇಕೆಂದು ಕಲಿಸುವುದಿಲ್ಲ, ಹೊಡೆಯುವವರು ಇಲ್ಲದಾಗ ಹಟ ಮರಳುತ್ತದೆ, ಭಯವು ಹೊಡೆದವರಿಗೂ ಊಟದ ಹೊತ್ತಿಗೂ ಅಂಟಿಕೊಳ್ಳುತ್ತದೆ. ಶಾಲೆಗಳಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತಟ್ಟೆ ಎಸೆಯುವಂಥ ವರ್ತನೆಗೆ, ಮೊದಲೇ ತಿಳಿಸಿ, ಇಷ್ಟದ ಆಟಿಕೆಯನ್ನು ಸ್ವಲ್ಪ ಹೊತ್ತು ಎತ್ತಿಡುವುದು ಸಾಕು. ಅದನ್ನು ಸಿಟ್ಟಿಲ್ಲದೆ ಮಾಡಬೇಕು.

ಬಹುಮಾನಕ್ಕೂ ಮಿತಿಯಿದೆ. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಸಿದಾಗ, ಆಮೇಲೆ ಅವರ ಆಸಕ್ತಿಯೇ ಕುಂದಿದ್ದನ್ನು ಮನೋವಿಜ್ಞಾನಿ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ್ದರು. ಮಗು ಸ್ವಂತ ಖುಷಿಯಿಂದ ತಿನ್ನುವ ದೋಸೆಗೆ ಕತೆಯ ಲಂಚ ಬೇಡ.

ಎರಡು ಮೂರು ವಾರಗಳ ನಂತರ ನೋಟ್‌ಬುಕ್ಕಿನ ಮೊದಲ ಪುಟಗಳೊಂದಿಗೆ ಹೋಲಿಸಿ ನೋಡಿ. ಹಟ ಇಳಿದಿಲ್ಲವಾದರೆ ನೀವು ಬಹುಮಾನವೆಂದುಕೊಂಡದ್ದು ಆ ಮಗುವಿಗೆ ಬಹುಮಾನವಲ್ಲದಿರಬಹುದು. ಕತೆಯ ಬದಲು ಬೇರೆಯದನ್ನು ಪ್ರಯತ್ನಿಸಿ. ಮಗುವಿನ ತೂಕ ಇಳಿಯುತ್ತಿದ್ದರೆ ಅಥವಾ ಅಗಿಯಲು, ನುಂಗಲು ತೊಂದರೆಯಿದ್ದರೆ ಇದೆಲ್ಲಕ್ಕೂ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.